ತಿಳಿಚಿನ್ನದ ಗೂಬೆ

ಲಿಫ್ಟಣ್ಣನಿಗೆ ಸುಸ್ತಾಗುತ್ತಿದ್ದದ್ದು ವಾರದ ಕೆಲಸದಿಂದಲ್ಲ, ಭಾನುವಾರದಿಂದ. ವಾರವೆಲ್ಲ ಲಿಫ್ಟಿನ ಗುಂಡಿಗೆ ಇಳಿದು, ತಾರಸಿಯ ಮೋಟಾರು ಕೋಣೆಗೆ ಹತ್ತಿ, ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡು ಬರುವವನಿಗೆ ಭಾನುವಾರ ಕಾಲು ಚಾಚಿ ಬಿದ್ದುಕೊಳ್ಳುವ ದಿನವಾಗಬೇಕಿತ್ತು. ಎಲ್ಲಿಯದು! ತಿಂಗಳ ಕೊನೆಯ ಭಾನುವಾರ ಬಂತೆಂದರೆ ಚಹಾದಂಗಡಿಯ ಮಹಡಿ ಕೋಣೆಯಲ್ಲಿ ಅವನಿಗಾಗಿ ಒಂದು ಕುರ್ಚಿ ಕಾದಿರುತ್ತಿತ್ತು. ಉಳಿದವರು ಬೆಂಚಿನ ಮೇಲೆ ಒತ್ತಿಕೊಂಡು ಕೂತರೂ ಆ ಕುರ್ಚಿಯನ್ನು ಮುಟ್ಟುತ್ತಿರಲಿಲ್ಲ. ಅವನು ಬಂದು ಕೂತು, ಜೇಬಿನಿಂದ ಭೂತಗನ್ನಡಿ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದನೆಂದರೆ ಮಾತೆಲ್ಲ ನಿಂತು, ಒಬ್ಬೊಬ್ಬರಾಗಿ ತಮ್ಮ ತಮ್ಮ ನಾಣ್ಯ ತೆಗೆದು ಅವನ ಮುಂದಿಡುತ್ತಿದ್ದರು.

ನಾಣ್ಯವೆಂದರೆ ಅಂಗಡಿಯಲ್ಲಿ ಸಲ್ಲುವ ನಾಣ್ಯವಲ್ಲ. ಅದನ್ನು ಕೊಟ್ಟರೆ ಒಂದು ಬೆಂಕಿಪೊಟ್ಟಣವೂ ಬಾರದು. ಗುಡ್ಡದ ಕಲ್ಲಿನ ಸಂದಿಯಲ್ಲಿ, ಸೇತುವೆಯ ಕೆಳಗೆ, ಪಾರ್ಕಿನ ಬೆಂಚಿನ ಅಡಿಯಲ್ಲಿ ಯಾರೋ ಸಣ್ಣ ಡಬ್ಬಿ ಬಚ್ಚಿಟ್ಟು ಅದರ ಜಾಗವನ್ನು ಇಂಟರ್ನೆಟ್ಟಿನಲ್ಲಿ ಹಾಕುತ್ತಾರೆ. ಇನ್ಯಾರೋ ಫೋನು ಹಿಡಿದು ಹುಡುಕಿಕೊಂಡು ಹೋಗುತ್ತಾರೆ. ದೊಡ್ಡವರಾದ ಮೇಲೂ ಕಣ್ಣಾಮುಚ್ಚಾಲೆ ಬಿಡಲಾರದವರ ಆಟ ಅದು. ಆ ಆಟದವರು ಅಚ್ಚು ಹಾಕಿಸುವ ನಾಣ್ಯಕ್ಕೆ ಜಿಯೋಕಾಯಿನ್ ಎನ್ನುತ್ತಾರೆ. ಒಂದೊಂದರ ಮೇಲೂ ಒಂದೊಂದು ಸಂಖ್ಯೆ. ಆ ಸಂಖ್ಯೆಯನ್ನು ನೋಂದಾಯಿಸಿ ಡಬ್ಬಿಯೊಳಗೆ ಬಿಟ್ಟರೆ ನಾಣ್ಯ ಕೈಯಿಂದ ಕೈಗೆ ದಾಟಿ ಊರೂರು ತಿರುಗುತ್ತದೆ, ಎಲ್ಲಿಗೆ ಹೋಯಿತೆಂದು ಕೂತಲ್ಲೇ ನೋಡಬಹುದು. ಕೆಲವರಿಗೆ ಬಿಡಲು ಮನಸ್ಸು ಬರುವುದಿಲ್ಲ, ಮನೆಯಲ್ಲಿ ಕೂಡಿಸುತ್ತಾರೆ. ಕೂಡಿಸುವವರು ಇದ್ದಲ್ಲಿ ಅಪರೂಪ ಅನ್ನುವುದು ಹುಟ್ಟುತ್ತದೆ, ಅಪರೂಪ ಹುಟ್ಟಿದಲ್ಲಿ ಜಗಳ, ಜಗಳ ಇದ್ದಲ್ಲಿ ತೀರ್ಪು ಹೇಳಲು ಒಬ್ಬ ಬೇಕು. ಆ ಒಬ್ಬ ಲಿಫ್ಟಣ್ಣ.

ಅವನು ಈ ಹುಚ್ಚಿಗೆ ಬಿದ್ದದ್ದು ನಿಜವಾಗಿಯೂ ಗುಂಡಿಯಲ್ಲೇ. ಲಿಫ್ಟಿನ ಹೊಸ್ತಿಲಿಗೂ ಮಹಡಿಯ ಅಂಚಿಗೂ ನಡುವೆ ಒಂದು ಬೆರಳಿನಷ್ಟು ಸಂದಿ ಇರುತ್ತದಲ್ಲ, ಜನರ ಕೈಯಿಂದ ಜಾರಿದ್ದೆಲ್ಲ ಅದರ ಮೂಲಕ ಕೆಳಗಿನ ಗುಂಡಿಗೆ ಬೀಳುತ್ತದೆ. ಬೀಗದ ಕೈ, ಕಿವಿಯೋಲೆ, ಪೆನ್ನು, ಒಮ್ಮೆ ಯಾರದೋ ಹಲ್ಲಿನ ಸೆಟ್ಟು. ಹೀಗೆಯೇ ಒಂದು ದಿನ ದೊಡ್ಡ ಕಟ್ಟಡವೊಂದರ ಗುಂಡಿಯ ಗ್ರೀಸಿನ ಕೆಸರಿನಲ್ಲಿ ಆಮೆಯ ಚಿತ್ರದ ನಾಣ್ಯವೊಂದು ಸಿಕ್ಕಿತು. ಏನೆಂದು ತಿಳಿಯದೆ ಮೀಟರಣ್ಣನಿಗೆ ತೋರಿಸಿದ. ಮೀಟರಣ್ಣ ಎಂದರೆ ಮನೆಮನೆಗೆ ನಡೆದು ಕರೆಂಟು ಮೀಟರು ಓದುವವನು, ಅದೇ ಕಟ್ಟಡದ ನೆಲಮಹಡಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಟೈಲರಮ್ಮನ ಗಂಡ.

"ಅಯ್ಯೋ ಪುಣ್ಯಾತ್ಮ, ಇದು ಕಳೆದೋಯ್ತು ಅಂತ ಇದರ ಒಡತಿ ಎಲ್ಲೋ ಅಳ್ತಾ ಕೂತಿದ್ದಾಳೆ, ನೀನು ಎಣ್ಣೆಯಲ್ಲಿ ಅದ್ದಿಟ್ಟಿದ್ದೀಯಲ್ಲ!" ಎಂದ ಮೀಟರಣ್ಣ.

ಇಬ್ಬರೂ ಹೋಗಿ ಕೆರೆಯ ದಂಡೆಯ ಡಬ್ಬಿಯೊಂದರಲ್ಲಿ ಆಮೆಯನ್ನು ಬಿಟ್ಟು ಬಂದರು. ಅಲ್ಲಿಂದ ಶುರುವಾದ ಸ್ನೇಹ. ಒಬ್ಬ ಜೀವಮಾನವೆಲ್ಲ ಅಡ್ಡಡ್ಡ ಓಡಾಡಿದವನು, ಇನ್ನೊಬ್ಬ ಉದ್ದುದ್ದ. ಮೀಟರಣ್ಣ ಯಾವ ಗುಡ್ಡ ಹತ್ತುವಾಗಲೂ ಬಲಗೈಯನ್ನು ಪ್ಯಾಂಟಿನ ಜೇಬಿನಲ್ಲೇ ಇಟ್ಟುಕೊಂಡಿರುತ್ತಿದ್ದ. "ಜೇಬಲ್ಲೇನು ಚಿನ್ನದ ಗಣಿ ಇದೆಯೇನಯ್ಯಾ? ಕೈ ಹೊರಗೆ ತೆಗಿ, ಬಿದ್ರೆ ಮೂತಿ ಒಡೆಯುತ್ತೆ" ಎಂದು ಲಿಫ್ಟಣ್ಣ ಗದರಿಸುತ್ತಿದ್ದ. ಅವನು ನಗುತ್ತಿದ್ದನೇ ಹೊರತು ಕೈ ತೆಗೆಯುತ್ತಿರಲಿಲ್ಲ.

ನಾಣ್ಯ ನೋಡುವ ವಿದ್ಯೆಯನ್ನು ಲಿಫ್ಟಣ್ಣನಿಗೆ ಯಾರೂ ಹೇಳಿಕೊಡಲಿಲ್ಲ, ನೋಡಿ ನೋಡಿ ಬಂತು. ಎಷ್ಟು ಅಚ್ಚಾಗಿದೆ, ಯಾವ ಲೇಪ, ಸಂಖ್ಯೆ ನೋಂದಣಿಯಾಗಿದೆಯೋ ಇಲ್ಲವೋ, ಎಲ್ಲೆಲ್ಲಿ ಸವೆದಿದೆ, ಇಷ್ಟೇ ಲೆಕ್ಕ. ಒಂದೇ ಚಿತ್ರವನ್ನು ನಿಕಲ್ ಲೇಪದಲ್ಲಿ ಸಾವಿರಗಟ್ಟಲೆ ಮಾಡಿಸಿ, ತಿಳಿಚಿನ್ನದ ಲೇಪದಲ್ಲಿ ಬೆರಳೆಣಿಕೆಯಷ್ಟು ಮಾಡಿಸುತ್ತಾರೆ. ಅಚ್ಚು ಒಂದೇ, ತೂಕ ಒಂದೇ, ಮೇಲಿನ ಬಣ್ಣ ಮಾತ್ರ ಬೇರೆ. ಮರ್ಯಾದೆಯೆಲ್ಲ ಆ ಬಣ್ಣಕ್ಕೆ. ಮನುಷ್ಯರಲ್ಲೂ ಹಾಗೇ ಅಲ್ಲವೇ ಎಂದು ಮಧ್ಯೆ ಬಾಯಿ ಹಾಕಬೇಡಿ, ನಾನು ನಾಣ್ಯದ ಮಾತಾಡುತ್ತಿದ್ದೇನೆ.

ಮೀಟರಣ್ಣ ತೀರಿಕೊಂಡ ಮೇಲೆ ಲಿಫ್ಟಣ್ಣನಿಗೆ ಆ ಕೋಣೆ ಬೇಡವಾಯಿತು. ಜೊತೆಗಾರನಿಲ್ಲದೆ ಕುರ್ಚಿಯಲ್ಲಿ ಕೂರುವುದೆಂದರೆ ಇನ್ನೊಬ್ಬರ ಮನೆಯ ಹಜಾರದಲ್ಲಿ ಕಾದು ಕೂತ ಹಾಗೆ. ಆದರೂ ಹೋಗುತ್ತಿದ್ದ. "ಅಣ್ಣ ಬರ್ಲಿಲ್ಲ ಅಂದ್ರೆ ಹೆಂಗೆ" ಅನ್ನುವವರಿದ್ದರು, ಇಲ್ಲ ಅನ್ನುವ ತ್ರಾಣ ಇವನಿಗಿರಲಿಲ್ಲ. ಅದೇ ಹೊತ್ತಿಗೆ ಕಣ್ಣೂ ಕೈಕೊಡಲು ಶುರುಮಾಡಿತು.

ಮೊದಲು ಮಂಜು. ಆಮೇಲೆ ದೀಪದ ಸುತ್ತ ಬಳೆ. ಆಮೇಲೆ ಯಾವುದೂ ಸ್ವಚ್ಛವಾಗಿ ಕಾಣದೆ, ಎಲ್ಲದರ ಮೇಲೂ ಚಹಾ ಚೆಲ್ಲಿ ಒಣಗಿದ ಹಾಗೆ. ಪೊರೆ ಬಂದಿದೆ ಎಂದು ಅವನಿಗೆ ಗೊತ್ತಿತ್ತು. ಆದರೆ ಕಣ್ಣು ಕಾಣದ ಲಿಫ್ಟಿನವನನ್ನು ಯಾರು ಕರೆಯುತ್ತಾರೆ? ಅವನ ಅನ್ನದ ಅರ್ಧ ಪಾಲು ಬರುತ್ತಿದ್ದದ್ದೇ ಟೈಲರಮ್ಮನ ಅಂಗಡಿಯಿರುವ ಆ ದೊಡ್ಡ ಕಟ್ಟಡದಿಂದ. ಹಾಗಾಗಿ ಬಾಯಿ ಮುಚ್ಚಿಕೊಂಡು ಕೈಯಿಂದ ನೋಡುವುದನ್ನು ರೂಢಿ ಮಾಡಿಕೊಂಡ. ಲಿಫ್ಟಿನ ಉಕ್ಕಿನ ಹಗ್ಗವನ್ನು ಚಿಂದಿ ಬಟ್ಟೆಯಲ್ಲಿ ಹಿಡಿದು ನಿಧಾನ ಓಡಿಸಿದರೆ, ಎಳೆ ಎಲ್ಲಾದರೂ ಕಿತ್ತಿದ್ದರೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಬ್ರೇಕಿನ ಸವೆತ ಸದ್ದಿನಲ್ಲೇ ತಿಳಿಯುತ್ತದೆ. ವೈರಿನ ಬಣ್ಣ ಮಾತ್ರ ಕೈಗೆ ತಿಳಿಯದು. ಅಂಥ ಕೆಲಸ ಬಂದರೆ ನಾಳೆ, ನಾಡಿದ್ದು ಎಂದು ಮುಂದೂಡಿ, ಪರಿಚಯದ ಎಲೆಕ್ಟ್ರಿಷಿಯನ್ನನ್ನು ಕರೆತಂದು ಮಾಡಿಸುತ್ತಿದ್ದ.

ಮನೆಯಲ್ಲಿ ಹೆಂಡತಿಯ ಮುಂದೆ ಈ ಆಟವೆಲ್ಲ ನಡೆಯಲಿಲ್ಲ.

"ಸಕ್ಕರೆ ಅಂತ ಚಹಾಕ್ಕೆ ಉಪ್ಪು ಹಾಕಿದ್ರಿ, ಕುಡಿದೆ. ಒಂದು ಕಾಲಿಗೆ ಒಂದು ಬಣ್ಣದ ಕಾಲುಚೀಲ ಹಾಕ್ಕೊಂಡು ಹೋದ್ರಿ, ನಕ್ಕೆ. ಇನ್ನೇನು, ಬಾಗಿಲು ಅಂತ ಕಿಟಕಿಯಿಂದ ಇಳಿಯೋವರೆಗೂ ಕಾಯ್ಲಾ?"

"ಈ ತಿಂಗಳು ಮುಗೀಲಿ ಮಾರಾಯ್ತಿ."

"ತಿಂಗಳು ಮುಗೀತಾನೇ ಇದೆ. ನಿಮ್ಮ ಕಣ್ಣು ಮುಗಿಯೋ ಮುಂಚೆ ನಡೀರಿ."

ಅವನು ಗೋಡೆ ಕಡೆ ತಿರುಗಿ ಮಲಗುತ್ತಿದ್ದ.

ಅಂಥ ದಿನಗಳ ಒಂದು ಭಾನುವಾರ ಸಂಜೆ ಆ ಕಟ್ಟಡದ ಮ್ಯಾನೇಜರು ಕೋಣೆಗೆ ಬಂದರು. ಅವರಿಗೂ ಈ ಹುಚ್ಚಿತ್ತು, ಆದರೆ ಅವರದು ಗಾಜಿನ ಕಪಾಟಿನ ಹುಚ್ಚು. ನಾಣ್ಯದ ಮೇಲೆ ಒಂದು ಬೆರಳ ಗುರುತು ಬಿದ್ದರೂ ಅವರಿಗೆ ಊಟ ಸೇರುತ್ತಿರಲಿಲ್ಲ. ಅಂದು ಅವರು ತಂದದ್ದು ಗೂಬೆಯ ಚಿತ್ರದ್ದು. ಹನ್ನೆರಡು ಹಕ್ಕಿಗಳ ಸರಣಿಯೊಂದಿದೆ, ಅದರ ಕೊನೆಯದು.

"ನಿಕಲ್ಲೇ ಇರ್ಬೇಕು, ಹಳೇ ಡಬ್ಬಿಯಲ್ಲಿತ್ತು. ಆದ್ರೂ ಒಂದ್ಸಲ ನೋಡಿಬಿಡಿ" ಎಂದು ಮುಂದಿಟ್ಟರು.

ಲಿಫ್ಟಣ್ಣ ಭೂತಗನ್ನಡಿ ಹಿಡಿದ. ಬೆಳಿಗ್ಗೆಯಿಂದ ತಲೆ ಸಿಡಿಯುತ್ತಿತ್ತು, ಎದ್ದು ಹೋದರೆ ಸಾಕಾಗಿತ್ತು. ಗೂಬೆ ಅವನ ಕಣ್ಣಿಗೆ ಹದವಾದ ಹಳದಿಯಾಗಿ, ಬೆಚ್ಚಗೆ ಕಂಡಿತು.

"ನಿಕಲ್ಲಲ್ಲ, ತಿಳಿಚಿನ್ನ" ಎಂದ.

ಔಷಧಿ ಅಂಗಡಿಯವನೊಬ್ಬ ಕತ್ತು ಚಾಚಿ, "ಬೆಳ್ಳಗೇ ಕಾಣ್ತಿದೆಯಲ್ಲಣ್ಣ?" ಎಂದ.

"ಬೆಳ್ಳಗಿರೋದೆಲ್ಲ ಹಾಲಲ್ಲ ಕಣಯ್ಯಾ. ಹಳೇ ಲೇಪ, ಮಾಸಿದೆ. ಸರಿಯಾಗಿ ನೋಡು."

ಔಷಧಿಯವನು ಸರಿಯಾಗಿ ನೋಡಿದ. ಪಕ್ಕದವನೂ ನೋಡಿದ. ಮೂರನೆಯವನು ಓರೆಯಾಗಿ ಹಿಡಿದು, "ಹೌದು ಹೌದು, ಹಿಂಗೆ ಹಿಡಿದ್ರೆ ಹಳದಿ ಹೊಡೆಯುತ್ತೆ" ಎಂದ. ಆಮೇಲೆ ಎಲ್ಲರಿಗೂ ಹಳದಿಯೇ ಹೊಡೆಯಿತು. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಅನ್ನುತ್ತಾರೆ. ಇಲ್ಲಿ ಕಾಮಾಲೆ ಒಬ್ಬನಿಗೆ, ಹಳದಿ ಎಲ್ಲರಿಗೂ. ನಂಬಿಕೆ ಅನ್ನುವುದು ಅಷ್ಟು ಅಂಟುರೋಗ.

ಮೂಲೆಯ ಬೆಂಚಿನಲ್ಲಿ ಟೈಲರಮ್ಮ ಕೂತಿದ್ದಳು. ಗಂಡ ಹೋದ ಮೇಲೆ ಅವನ ಜಾಗ ಖಾಲಿ ಬಿಡಬಾರದೆಂದು ಆಗಾಗ ಬಂದು ಮಾತಾಡದೆ ಕೂತು ಹೋಗುತ್ತಿದ್ದಳು. ಮೀಟರಣ್ಣ ಆ ಸರಣಿಯ ಹನ್ನೊಂದು ತಿಳಿಚಿನ್ನದ ಹಕ್ಕಿಗಳನ್ನು ಕೂಡಿಸಿ, ಗೂಬೆಯೊಂದು ಸಿಗದೆ ಕೊರಗಿ ಸತ್ತವನು. "ಜನ ಗೂಬೆ ಕಂಡ್ರೆ ಓಡಿಸ್ತಾರೆ, ಇವ್ರು ಮನೆಗೆ ಕರ್ಕೊಂಡು ಬರೋಕೆ ಒದ್ದಾಡ್ತಾರೆ" ಎಂದು ಆಕೆ ತಮಾಷೆ ಮಾಡುತ್ತಿದ್ದದ್ದು ಎಲ್ಲರಿಗೂ ಗೊತ್ತಿತ್ತು. ಈಗ ಆಕೆ ಎದ್ದು ಮೇಜಿನ ಹತ್ತಿರ ಬಂದಳು.

"ಏನು ಕೊಟ್ರೆ ಕೊಡ್ತೀರಾ ಸಾರ್?"

ಮ್ಯಾನೇಜರಿಗೆ ಏನು ಬೇಕೆಂಬುದೂ ಎಲ್ಲರಿಗೆ ಗೊತ್ತಿದ್ದದ್ದೇ. ಮೀಟರಣ್ಣ ಒಮ್ಮೆ ತಾನೇ ಚಿತ್ರ ಬರೆದು ಒಂದು ನಾಣ್ಯ ಮಾಡಿಸಿದ್ದ. ಬರಿಗಾಲಿನ ಅಂಗಾಲು, ಅದರ ತುಂಬ ರೇಖೆಗಳು, ಊರಿನ ಬೀದಿಗಳ ಹಾಗೆ. ಕೆಲವೇ ಕೆಲವು ಅಚ್ಚಾದವು, ಅದರಲ್ಲಿ ಮೊದಲನೆಯದನ್ನು ತನಗೇ ಇಟ್ಟುಕೊಂಡಿದ್ದ. ಅವನು ಹೋದ ಮೇಲೆ ಟೈಲರಮ್ಮ ಅದನ್ನು ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆಡಬ್ಬಿಯಲ್ಲಿ ಹಾಕಿ ಪರ್ಸಿನಲ್ಲಿ ಇಟ್ಟುಕೊಂಡಿದ್ದಳು. ಆಕೆ ಅದನ್ನು ತೆಗೆದು ಮೇಜಿನ ಮೇಲಿಟ್ಟಳು. ಇಟ್ಟ ಕೈ ಒಮ್ಮೆ ಹಿಂದಕ್ಕೆ ಬಂತು, ಮತ್ತೆ ಮುಂದೆ ಹೋಯಿತು.

"ಸವೆದಿದ್ರೆ ನನಗೆ ಬೇಡ. ನೋಡಿ ಹೇಳಿ. ಡಬ್ಬಿ ಮಾತ್ರ ತೆಗೀಬೇಡಿ, ಬೆರಳ ಗುರುತು ಬೀಳುತ್ತೆ" ಎಂದರು ಮ್ಯಾನೇಜರು.

ಮುಟ್ಟುವ ಹಾಗಿಲ್ಲ. ಲಿಫ್ಟಣ್ಣ ಡಬ್ಬಿಯನ್ನು ಬಲ್ಬಿಗೆ ಎತ್ತಿ ಹಿಡಿದ. ಪ್ಲಾಸ್ಟಿಕ್ಕಿನ ಒಳಗೆ ಮಂಜು, ಮಂಜಿನೊಳಗೆ ಒಂದು ಪಾದ. ಗೆಳೆಯನ ನಾಣ್ಯ, ಗೆಳೆಯನ ಹೆಂಡತಿಯ ಆಸೆ, ಬೇಗ ಮುಗಿದರೆ ಮನೆಗೆ ಹೋಗಬಹುದು.

"ಹೊಸದರ ಹಾಗಿದೆ" ಎಂದ.

ಅದಲುಬದಲಾಯಿತು. ಟೈಲರಮ್ಮ ಗೂಬೆಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, "ಅಣ್ಣ, ನಿಮ್ಮಿಂದ ಅವ್ರದ್ದು ಒಂದು ಆಸೆ ತೀರ್ತು" ಎಂದು ಹೇಳಿ ಇಳಿದು ಹೋದಳು. ಲಿಫ್ಟಣ್ಣನಿಗೆ ಬಹಳ ದಿನಗಳ ಮೇಲೆ ಒಂದಿಷ್ಟು ಸಮಾಧಾನವಾಯಿತು.

ಕೊನೆಗೂ ಹೆಂಡತಿಯೇ ಗೆದ್ದಳು. ಅವನು ಸೋಪಿನ ಪುಡಿಯನ್ನು ಹಿಟ್ಟಿನ ಡಬ್ಬಿಗೆ ಸುರಿದ ದಿನ ಒಂದು ಮಾತೂ ಆಡದೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಳು. ಆಕೆ ಬೈದರೆ ತಡೆಯಬಹುದು, ಸುಮ್ಮನಿದ್ದರೆ ತಡೆಯಲಾಗದು. ಸೊಂಟ ನೋವು, ಸ್ವಲ್ಪ ದಿನ ಬರಲ್ಲ ಎಂದು ಕಟ್ಟಡಗಳಿಗೆಲ್ಲ ಸುಳ್ಳು ಹೇಳಿ ಅವನು ಆಸ್ಪತ್ರೆಗೆ ಹೋದ. ಮೊದಲು ಬಲಗಣ್ಣಿನ ಪೊರೆ ತೆಗೆದರು; ಎಡಗಣ್ಣಿಗೆ ಆಮೇಲೆ ಬನ್ನಿ ಎಂದರು.

ಪಟ್ಟಿ ಬಿಚ್ಚಿ ಮನೆಗೆ ಬಂದವನು ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟ.

"ಈ ಗೋಡೆಗೆ ಯಾವಾಗ ಬಣ್ಣ ಹೊಡೆಸಿದೆ?"

"ಹೊಡೆಸೋಕೆ ನಿಮ್ಮಪ್ಪ ಗಂಟು ಇಟ್ಟಿದ್ರಾ? ಅದೇ ಗೋಡೆ, ಅದೇ ಬಣ್ಣ."

ಬಲಗಣ್ಣು ಮುಚ್ಚಿದ, ಗೋಡೆ ಚಹಾದ ಬಣ್ಣ. ಎಡಗಣ್ಣು ಮುಚ್ಚಿದ, ಗೋಡೆ ಬಿಳಿ. ಮತ್ತೆ ಮುಚ್ಚಿದ, ತೆರೆದ. ಹೆಂಡತಿ ಸೊಂಟಕ್ಕೆ ಕೈಯಿಟ್ಟು ನೋಡಿದಳು. "ಈ ವಯಸ್ಸಲ್ಲಿ ನನಗೆ ಕಣ್ಣು ಹೊಡೀತಿದ್ದೀರೇನ್ರೀ?"

ಅವನು ಆಗ ಹೊಸ ಕಣ್ಣಿನಿಂದ ಅವಳನ್ನು ನೋಡಿದ. ನೋಡಿ ನಗು ನಿಂತುಹೋಯಿತು.

"ನಿನ್ನ ಕೂದಲು ಯಾವಾಗ ಇಷ್ಟೊಂದು ಬೆಳ್ಳಗಾಯ್ತು?"

"ನೀವು ನಾಣ್ಯ ನೋಡ್ತಿದ್ರಲ್ಲ, ಆವಾಗ" ಎಂದು ಆಕೆ ಪಾತ್ರೆ ತೊಳೆಯಲು ತಿರುಗಿದಳು.

ಆ ಮಾತು ನಾಟಿತು. ಆದರೆ ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಒಳಗೆ ಹೋಗಿ ತನ್ನ ನಾಣ್ಯದ ಡ್ರಾಯರು ಎಳೆದ. ಈಚೆಗೆ ತಿಳಿಚಿನ್ನವೆಂದು ಎತ್ತಿಟ್ಟಿದ್ದ ಸಾಲಿನಲ್ಲಿ ಒಂದೆರಡು ಬಿಟ್ಟರೆ ಉಳಿದವೆಲ್ಲ ಬಿಳಿ ಬಿಳಿ ನಿಕಲ್ಲು. ತನ್ನದು ಹಾಳಾಗಲಿ. ಗೂಬೆ?

ಮರುದಿನ ಟೈಲರಮ್ಮನ ಅಂಗಡಿಗೆ ಹೋದ. ಬಾಗಿಲಿನಿಂದ ಒಳ್ಳೆಯ ಬೆಳಕು ಬೀಳುತ್ತಿತ್ತು. ಒಂದು ಗೋಡೆಯ ತುಂಬ ದಾರದ ಉಂಡೆಗಳು, ತಿಳಿಯಿಂದ ಗಾಢಕ್ಕೆ, ಒಂದರ ಪಕ್ಕ ಒಂದು ಹೊಂದಿಸಿಟ್ಟಿದ್ದವು. ಎದುರು ಗೋಡೆಯಲ್ಲಿ ಮೀಟರಣ್ಣ ಮಾಡಿಸಿದ್ದ ಮರದ ಚೌಕಟ್ಟು, ಅದರಲ್ಲಿ ಕಪ್ಪು ಮಖಮಲ್ಲಿನ ಮೇಲೆ ಹನ್ನೆರಡು ಗುಳಿ, ಹನ್ನೆರಡು ಹಕ್ಕಿ. ಅವನು ಹತ್ತಿರ ಹೋಗಿ ಬಲಗಣ್ಣು ಮುಚ್ಚಿದ. ಹನ್ನೆರಡೂ ಚಿನ್ನ. ಎಡಗಣ್ಣು ಮುಚ್ಚಿದ. ಹನ್ನೊಂದು ಚಿನ್ನ. ಮೂಲೆಯ ಗೂಬೆ ಬೆಳ್ಳಗೆ ಅವನನ್ನೇ ನೋಡುತ್ತಿತ್ತು. ಕುರುಡನಲ್ಲದ ಯಾರಿಗಾದರೂ ಬೀದಿಯಿಂದಲೇ ಕಾಣುವಷ್ಟು ಬಿಳಿ.

"ಟೈಲರಮ್ಮ, ಇದು ನಿಕಲ್ಲು."

ಆಕೆ ಮಷೀನು ನಿಲ್ಲಿಸಲಿಲ್ಲ. ಹೊಲಿಗೆಯ ತುದಿ ಮುಟ್ಟಿಸಿ, ದಾರ ಕತ್ತರಿಸಿ, ಆಮೇಲೆ ತಲೆಯೆತ್ತಿದಳು. "ಹೌದಣ್ಣ."

"ಗೊತ್ತಿತ್ತಾ?"

"ಮಾರನೇ ದಿನ ಬೆಳಿಗ್ಗೆ ಬಾಗಿಲು ತೆಗೆದು ಬಿಸಿಲಿಗೆ ಹಿಡಿದೆ, ಗೊತ್ತಾಯ್ತು. ದಿನಾ ಬಟ್ಟೆಗೆ ದಾರ ಹೊಂದಿಸೋಳು ನಾನು. ಹಿಂದಿನ ದಿನ ಆ ಬಲ್ಬಲ್ಲೂ ಅನುಮಾನ ಬಂದಿತ್ತು. ಆದ್ರೆ ನೀವು ಹೇಳಿದ್ರಲ್ಲ, ನನ್ನ ಕಣ್ಣೇ ಸರಿಯಿಲ್ಲವೇನೋ ಅಂದ್ಕೊಂಡೆ."

"ಮತ್ತೆ ವಾಪಸು ಯಾಕೆ ಕೇಳ್ಲಿಲ್ಲ? ಒಂದು ಮಾತು ನನಗಾದ್ರೂ ಹೇಳ್ಬಾರ್ದಿತ್ತಾ?"

"ಕೇಳಿದ್ರೆ ಲಿಫ್ಟಣ್ಣ ಹೆಂಗೆ ತಪ್ಪು ಹೇಳಿದ್ರು ಅಂತ ಮ್ಯಾನೇಜರು ಕೇಳೋರು." ಆಕೆ ಮಡಿಲಿ‌ನ ದಾರದ ತುಣುಕುಗಳನ್ನು ಒಂದೊಂದಾಗಿ ಆರಿಸತೊಡಗಿದಳು. "ನೀಲಿ ಪ್ಯಾಂಟು ತಂದು, ಕರೀದು ಇದು, ಕರೀ ದಾರ ಹಾಕಿ ಅಂದ್ರಿ, ನೆನಪಿದೆಯಾ? ನಾನು ನೀಲಿ ದಾರ ಹಾಕಿದೆ, ನಿಮಗೆ ಗೊತ್ತಾಗ್ಲಿಲ್ಲ. ಅವತ್ತು ನಕ್ಕು ಬಿಟ್ಟುಬಿಟ್ಟಿದ್ದೆ, ಗೂಬೆ ಬೆಳ್ಳಗೆ ಕಂಡಾಗ ಅದು ನೆನಪಾಗಿ ನಿಮ್ಮ ಕಣ್ಣಿನ ಕಥೆ ತಿಳೀತು. ಮ್ಯಾನೇಜರಿಗೆ ತಿಳಿದ್ರೆ ನಿಮ್ಮನ್ನ ಈ ಕಟ್ಟಡದೊಳಗೆ ಬಿಡ್ತಿರ್ಲಿಲ್ಲ. ನಾಣ್ಯ ಹೋಯ್ತು ಅಂತ ನನಗೆ ಅಳು ಬಂತಣ್ಣ, ಸುಳ್ಳು ಹೇಳಲ್ಲ. ಎರಡು ದಿನ ಮಷೀನು ಮುಟ್ಲಿಲ್ಲ. ಆದ್ರೆ ನಿಮ್ಮ ಹೊಟ್ಟೆ ಮೇಲೆ ಹೊಡೆದು ಅದನ್ನ ವಾಪಸು ತರ್ಲಾ?"

ಲಿಫ್ಟಣ್ಣ ಗಿರಾಕಿಗಳಿಗೆಂದು ಇಟ್ಟಿದ್ದ ಸ್ಟೂಲಿನ ಮೇಲೆ ಕುಸಿದ.

"ಇನ್ನೊಂದೂ ಹೇಳಿಬಿಡ್ತೀನಿ. ಅವತ್ತಿಂದ ಮೇಲಿನ ಮಹಡಿಯವ್ರಿಗೆ ಬಟ್ಟೆ ಕೊಡೋಕೆ ಹೋಗುವಾಗ ನಾನು ಮಾತ್ರ ಮೆಟ್ಟಿಲಲ್ಲೇ ಹತ್ತಿ ಇಳೀತಿದ್ದೀನಿ" ಎಂದಳು ಆಕೆ, ತಲೆ ತಗ್ಗಿಸಿ.

ಅದು ತಮಾಷೆಯೂ ಅಲ್ಲ, ಬೈಗುಳವೂ ಅಲ್ಲ. ಇದ್ದದ್ದು ಇದ್ದ ಹಾಗೆ. ಕೆನ್ನೆಗೆ ಬಾರಿಸಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ತನ್ನ ಅನ್ನ ಉಳಿಯಲೆಂದು ಈ ಹೆಂಗಸು ಗಂಡನ ನಾಣ್ಯ ಬಿಟ್ಟುಕೊಟ್ಟು, ಮೊಣಕಾಲು ನೋಯಿಸಿಕೊಂಡು ಮೆಟ್ಟಿಲು ಹತ್ತಿದ್ದಾಳೆ. ಉಳಿದವರು, ಏನೂ ಗೊತ್ತಿಲ್ಲದವರು, ತನ್ನನ್ನು ನಂಬಿ ಲಿಫ್ಟಿನೊಳಗೆ ನಿಂತಿದ್ದಾರೆ. ಅವನು ಎದ್ದು ಚೌಕಟ್ಟಿನಿಂದ ಗೂಬೆಯನ್ನು ಬಿಡಿಸಿಕೊಂಡ.

"ಎಲ್ಲಿಗಣ್ಣ? ಬೇಡ, ಕೇಳಿ ನನ್ನ ಮಾತು!"

"ಕೇಳಿದ್ದು ಸಾಕು ತಾಯಿ" ಎಂದು ಹೊರಬಿದ್ದ.

ಮ್ಯಾನೇಜರ ಕೋಣೆ ಕೊನೆಯ ಮಹಡಿಯಲ್ಲಿತ್ತು. ಅವರು ಸೊಂಟ ಹೇಗಿದೆ ಎಂದು ವಿಚಾರಿಸಿ ಕೂರಲು ಹೇಳಿದರು. ಇವನು ನಿಂತೇ ಇದ್ದ. ಸೊಂಟವಲ್ಲ ಸಾರ್, ಕಣ್ಣು ಎಂದ. ಗೂಬೆ ತಿಳಿಚಿನ್ನದ್ದಲ್ಲ, ನಿಕಲ್ಲು, ನನ್ನ ತಪ್ಪು, ಅದಲುಬದಲನ್ನು ರದ್ದು ಮಾಡಿ ಎಂದ. ಗೂಬೆಯನ್ನು ಅವರ ಮುಂದಿಟ್ಟ.

ಮ್ಯಾನೇಜರು ನಕ್ಕರು. "ಆಪರೇಷನ್ ಆದ ಹೊಸದ್ರಲ್ಲಿ ಎಲ್ಲಾ ಬೆಳ್ಳಗೆ ಕಾಣುತ್ತಂತೆ. ನಮ್ಮಮ್ಮನಿಗೂ ಹಂಗೇ ಆಗಿತ್ತು. ನಾಲ್ಕು ದಿನ ಹೋಗ್ಲಿ, ಸರಿಹೋಗುತ್ತೆ. ನೀವು ತಿಳಿಚಿನ್ನ ಅಂದ್ಮೇಲೆ ತಿಳಿಚಿನ್ನವೇ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಇವನ ಮಾತು ಹೋಗಲೂ ಒಲ್ಲದು. ತಾನೇ ಹೇಳಿದ ಸುಳ್ಳನ್ನು ತಾನೇ ಅಳಿಸಲು ಬಂದರೆ ಅದು ತನಗಿಂತ ಗಟ್ಟಿಯಾಗಿ ಕೂತಿತ್ತು.

"ನನ್ನ ಮಾತು ಬಿಡಿ ಸಾರ್. ಕಿಟಕಿ ಹತ್ರ ಬನ್ನಿ, ನಿಮ್ಮ ಕಣ್ಣಿಂದ ನೋಡಿ."

ಮ್ಯಾನೇಜರು ಕಿಟಕಿಯ ಹತ್ತಿರ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು. "ನನಗೆ ಅವತ್ತೂ ಬಿಳೀನೇ ಕಂಡಿತ್ತು" ಎಂದರು ಮೆಲ್ಲಗೆ.

"ಮತ್ತೆ?"

"ನೀವು ಚಿನ್ನ ಅಂದ್ರಲ್ಲ!" ಅವರ ದನಿಯಲ್ಲಿ ಈಗ ಸಿಟ್ಟಿತ್ತು. "ನಾನೇನು ಮೋಸ ಮಾಡಿಲ್ಲ. ನೀವು ತಪ್ಪು ಹೇಳಿ ನನ್ನ ತಲೆ ಮೇಲೆ ಗೂಬೆ ಕೂರಿಸಬೇಡಿ."

"ನಿಮ್ಮ ತಪ್ಪಿಲ್ಲ ಸಾರ್. ನಿಮಗೂ ಅನ್ಯಾಯವೇ ಆಗಿರ್ಬಹುದು. ಆ ಪಾದದ ನಾಣ್ಯವನ್ನೂ ನಾನು ಸರಿಯಾಗಿ ನೋಡಿರ್ಲಿಲ್ಲ."

ಮ್ಯಾನೇಜರು ಗಾಜಿನ ಕಪಾಟು ತೆರೆದು ಬಿಲ್ಲೆಡಬ್ಬಿ ತೆಗೆದರು. ಕಿಟಕಿಗೆ ಹಿಡಿದರು, ತಿರುಗಿಸಿದರು, ಮುಖ ಸಪ್ಪೆಯಾಯಿತು. ದಿನವೂ ಕಪಾಟಿನ ಮುಂದೆ ನಿಂತು ನೋಡಿದ್ದ ಮನುಷ್ಯ ಈಗ ಮೊದಲ ಸಲ ಅದನ್ನು ನೋಡುತ್ತಿದ್ದರು. "ಸವೆದಿದೆ" ಎಂದರು. ಆಮೇಲೆ ನಾಣ್ಯವನ್ನು ಮರೆತು ಲಿಫ್ಟಣ್ಣನ ಕಡೆ ತಿರುಗಿದರು. ಅವರ ತಲೆಯಲ್ಲಿ ಲೆಕ್ಕ ಕೂಡುತ್ತಿರುವುದು ಇವನಿಗೆ ಹೊಸ ಕಣ್ಣಿನಿಂದ ಸ್ಪಷ್ಟವಾಗಿ ಕಂಡಿತು.

"ಅಂದ್ರೆ ಇಷ್ಟು ದಿನ ಈ ಕಣ್ಣಲ್ಲೇ ನಮ್ಮ ಲಿಫ್ಟ್ ನೋಡ್ತಿದ್ರಾ?"

"ಹೂಂ ಸಾರ್."

"ನಮ್ಮಮ್ಮ ದಿನಾ ಅದರಲ್ಲೇ ಹೋಗಿ ಬರ್ತಾರೆ."

ಲಿಫ್ಟಣ್ಣ ಹಗ್ಗಕ್ಕೆ ಹಿಡಿಯುವ ಬಟ್ಟೆಯ ವಿಷಯ, ಸದ್ದಿನ ವಿಷಯ, ಎಲೆಕ್ಟ್ರಿಷಿಯನ್ನಿನ ವಿಷಯ ಹೇಳಬಹುದಿತ್ತು. ಬರುವಾಗ ದಾರಿಯಲ್ಲಿ ಅದನ್ನೆಲ್ಲ ಜೋಡಿಸಿಕೊಂಡೂ ಇದ್ದ. ಬಾಯಿಗೆ ಬಂದದ್ದು ಬೇರೆ.

"ಏನೂ ಆಗಿಲ್ಲ ಸಾರ್. ಆಗ್ತಿರ್ಲಿಲ್ಲ ಅಂತ ಹೇಳೋ ಧೈರ್ಯ ನನಗಿಲ್ಲ."

ಮ್ಯಾನೇಜರು ಕೆಟ್ಟವರಲ್ಲ, ಕೂಗಾಡಲಿಲ್ಲ. ಗೂಬೆಯನ್ನು ತಮ್ಮ ಕಡೆಗೆ ಎಳೆದುಕೊಂಡು, ಬಿಲ್ಲೆಡಬ್ಬಿಯನ್ನು ಅವನ ಕಡೆಗೆ ತಳ್ಳಿದರು. "ಇದನ್ನ ಆಯಮ್ಮನಿಗೆ ಕೊಡಿ. ಮೋಟಾರು ಕೋಣೆ ಕೀ ಇಲ್ಲಿಟ್ಟು ಹೋಗಿ. ನಾಳೆಯಿಂದ ಬೇರೆಯವ್ರಿಗೆ ಹೇಳ್ತೀನಿ" ಎಂದರು.

ಅವನು ಸೊಂಟದ ಪಟ್ಟಿಯಿಂದ ಕೀ ಬಿಚ್ಚಿ ಮೇಜಿನ ಮೇಲಿಟ್ಟ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಇಲ್ಲಿ ಹೋದದ್ದು ಅಡಿಕೆಯಷ್ಟು ಸಣ್ಣದಕ್ಕೂ ಅಲ್ಲ. ಹೆಂಡತಿಗೆ ಹೇಗೆ ಹೇಳುವುದು, ಇನ್ನೊಂದು ಕಣ್ಣಿಗೆ ಏನು ಮಾಡುವುದು, ಈ ಸುದ್ದಿ ಉಳಿದ ಕಟ್ಟಡಗಳಿಗೆ ಮುಟ್ಟಲು ಎಷ್ಟು ಹೊತ್ತು ಬೇಕು? ಲಿಫ್ಟಿನ ಮುಂದೆ ಬಂದು ನಿಂತವನು ಗುಂಡಿ ಒತ್ತಲಿಲ್ಲ. ಮೆಟ್ಟಿಲಿನಲ್ಲೇ ಇಳಿದ. ಅರ್ಧ ದಾರಿಯಲ್ಲಿ ಕೂತು ಸುಧಾರಿಸಿಕೊಂಡ. ಸುಸ್ತು ಅದೇ ಹಳೆಯ ಸುಸ್ತು, ಆದರೆ ಯಾವುದನ್ನೂ ಬಚ್ಚಿಡಬೇಕಾಗಿಲ್ಲದ ಸುಸ್ತು. ಅಷ್ಟರ ಮಟ್ಟಿಗೆ ಹಗುರ.

ಟೈಲರಮ್ಮ ಅಂಗಡಿಯ ಬಾಗಿಲಲ್ಲೇ ನಿಂತಿದ್ದಳು. ಅವನ ಕೈಯ ಡಬ್ಬಿಗಿಂತ ಮೊದಲು ಅವನ ಸೊಂಟ ನೋಡಿದಳು.

"ಕೀ ಎಲ್ಲಿ?"

"ಕೊಟ್ಟೆ."

"ಕೊಟ್ಟು ಬಂದ್ರಾ! ಇಷ್ಟು ದಿನ ನಾನು ಬಾಯಿಗೆ ಬೀಗ ಹಾಕ್ಕೊಂಡಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂಗಾಯ್ತಲ್ಲಣ್ಣ. ಇದಕ್ಕೇನಾ ನಾನು ಸುಮ್ನಿದ್ದದ್ದು?" ಆಕೆಗೆ ಕೋಪ ಬಂದಿತ್ತು, ಕೋಪದಲ್ಲಿ ಕಣ್ಣು ತುಂಬಿತ್ತು.

ಅವನು ಡಬ್ಬಿಯನ್ನು ಹೊಲಿಗೆ ಮಷೀನಿನ ಮೇಲಿಟ್ಟು ಸ್ಟೂಲಿನಲ್ಲಿ ಕೂತ. ಗೋಡೆಯ ಚೌಕಟ್ಟಿನಲ್ಲಿ ಗೂಬೆಯ ಗುಳಿ ಖಾಲಿಯಿತ್ತು. ಇಬ್ಬರೂ ಅದನ್ನು ನೋಡಿದರು.

"ಅದು ಹಂಗೇ ಇರ್ಲಿ ಬಿಡಿ" ಎಂದು ಟೈಲರಮ್ಮ ಕಣ್ಣೊರೆಸಿಕೊಂಡಳು. ಆಮೇಲೆ ಡಬ್ಬಿಯನ್ನು ಅವನ ಮುಂದಕ್ಕೆ ಸರಿಸಿದಳು. "ಈಗ ಕಣ್ಣು ಬಂದಿದೆಯಲ್ಲ. ಸರಿಯಾಗಿ ನೋಡಿ ಹೇಳಿ, ಹೆಂಗಿದೆ ಇದು?"

ಅವನು ಭೂತಗನ್ನಡಿ ತೆಗೆದು ಒರೆಸಿದ. ಎಡಗಣ್ಣು ಮುಚ್ಚಿ, ಬಾಗಿಲಿನ ಬೆಳಕಿಗೆ ತಿರುಗಿ ನೋಡಿದ. ಬೆರಳುಗಳ ತುದಿಯಲ್ಲಿ, ಪಾದದ ನಡುವಿನಲ್ಲಿ ರೇಖೆಗಳೆಲ್ಲ ಅಚ್ಚಿನಿಂದ ಆಗಷ್ಟೇ ಬಂದ ಹಾಗಿದ್ದವು. ಹಿಮ್ಮಡಿಯ ಹತ್ತಿರ ಮಾತ್ರ ಏನೂ ಇರಲಿಲ್ಲ.

ಇನ್ನು ಸುಳ್ಳು ಹೇಳುವ ಶಕ್ತಿ ಅವನಲ್ಲಿರಲಿಲ್ಲ. "ಸವೆದಿದೆ ಟೈಲರಮ್ಮ. ಹಿಮ್ಮಡಿ ಕಡೆ ಒಂದು ಗೆರೆಯೂ ಉಳಿದಿಲ್ಲ. ಕೂಡಿಸೋರು ಯಾರೂ ಇದನ್ನ ಕೈಯಲ್ಲಿ ಹಿಡಿಯಲ್ಲ."

"ಸವೆಯೋಕೆ ಇದನ್ನ ಎಲ್ಲೂ ಬಿಟ್ಟೇ ಇರ್ಲಿಲ್ಲವಲ್ಲ ಅವ್ರು. ಯಾವಾಗ್ಲೂ ಜೇಬಲ್ಲೇ..." ಎಂದವಳು ಅಲ್ಲಿಗೇ ನಿಂತಳು.

ಲಿಫ್ಟಣ್ಣನಿಗೂ ಆಗಲೇ ಹೊಳೆಯಿತು. ಗುಡ್ಡ ಹತ್ತುವಾಗ, ಮನೆಮನೆ ತಿರುಗುವಾಗ, ಬೈಸಿಕೊಂಡರೂ ಹೊರಗೆ ಬಾರದ ಆ ಬಲಗೈ.

"ಎಲ್ಲಿ ಅಂದ್ರಿ?"

ಅವನು ಡಬ್ಬಿಯ ಮುಚ್ಚಳ ತೆಗೆದು, ನಾಣ್ಯವನ್ನು ಆಕೆಯ ಅಂಗೈಗೆ ಹಾಕಿ, ಜಾಗ ತೋರಿಸಿದ. ಸಣ್ಣ ಗುಳಿ. ಟೈಲರಮ್ಮ ಅದರ ಮೇಲೆ ತನ್ನ ಹೆಬ್ಬೆರಳಿಟ್ಟಳು.

"ಇಲ್ಲಾ?"

"ಹೂಂ, ಅಲ್ಲೇ."

ಬಾಗಿಲಲ್ಲಿ ಯಾರೋ ಜಿಪ್ಪು ಹಾಕಿಸಲು ಚೀಲ ಹಿಡಿದು ಬಂದು ನಿಂತು, ಕರೆದು, ಕಾದು, ಆಮೇಲೆ ಬರುತ್ತೇನೆಂದು ಹೇಳಿ ಹೋದರು. ಆಕೆ ಬೆರಳು ತೆಗೆಯಲಿಲ್ಲ.